ಬ್ಯಾಕ್ಟೀರಿಯಾಗಳನ್ನು ಉಪವಾಸ ಕೆಡವಿ ಪ್ಲಾಸ್ಟಿಕ್ ತೆಗೆಯುವ ಬಗೆ

ಹಿಂದೆ ನಮ್ಮ ಊರುಗಳಲ್ಲಿ ಹಗೇವು ಇರುತ್ತಿತ್ತು. ಮಳೆ ಕೈಹಿಡಿದ ವರ್ಷ ರಾಗಿ ಸುರಿದು ಬಾಯಿ ಮುಚ್ಚಿ ಮಣ್ಣು ಮೆತ್ತಿಟ್ಟರೆ, ಬರಗಾಲದಲ್ಲಿ ತೆಗೆದು ಉಣ್ಣಬಹುದಿತ್ತು. ಕೆಲವು ಬ್ಯಾಕ್ಟೀರಿಯಾಗಳು ಮಾಡುವುದೂ ಇದನ್ನೇ. ಊಟ ಹೇರಳವಾಗಿ ಸಿಕ್ಕಾಗ ಅದರಲ್ಲೊಂದು ಪಾಲನ್ನು ಮೈಯೊಳಗೆ ಸಣ್ಣ ಸಣ್ಣ ಕಾಳುಗಳಾಗಿ ಕೂಡಿಡುತ್ತವೆ. ಊಟ ನಿಂತಾಗ ಕರಗಿಸಿ ತಿನ್ನುತ್ತವೆ. ಆ ಕಾಳುಗಳ ಹೆಸರು ಪಾಲಿಹೈಡ್ರಾಕ್ಸಿಆಲ್ಕನೋಯೇಟ್, ಚಿಕ್ಕದಾಗಿ ಪಿಎಚ್‌ಎ. ಹೊರತೆಗೆದು ಒಣಗಿಸಿದರೆ ಅದು ಕಾಯಿಸಿ ಅಚ್ಚು ಹಾಕಬಹುದಾದ, ಮಣ್ಣಿನಲ್ಲಿ ಕೊಳೆಯಬಲ್ಲ ಪ್ಲಾಸ್ಟಿಕ್.

ಫ್ರಾನ್ಸಿನ ಪಾಶ್ಚರ್ ಸಂಸ್ಥೆಯ ಮಾರಿಸ್ ಲೆಮ್ವಾನ್ 1926ರಲ್ಲೇ ಇದನ್ನು ಗುರುತಿಸಿದ್ದರು. ಕೈಗಾರಿಕೆಯಲ್ಲಿ ಇದನ್ನು ಹೆಚ್ಚಾಗಿ ಒಂದೇ ತಳಿಯ ಬ್ಯಾಕ್ಟೀರಿಯಾ ಸಾಕಿ ತೆಗೆಯುತ್ತಾರೆ. ಅದಕ್ಕೆ ಶುದ್ಧ ಸಕ್ಕರೆಯೋ ಎಣ್ಣೆಯೋ ಬೇಕು, ಇಡೀ ತೊಟ್ಟಿಯನ್ನು ಹಬೆಯಲ್ಲಿ ಕ್ರಿಮಿಶುದ್ಧ ಮಾಡಬೇಕು, ಬೇರೆ ಯಾವ ಜೀವಿಯೂ ಒಳನುಗ್ಗದಂತೆ ಹಗಲೂ ರಾತ್ರಿ ಕಾಯಬೇಕು. ಖರ್ಚು ಏರುವುದು ಅಲ್ಲಿ. ಮಿಶ್ರ ಬ್ಯಾಕ್ಟೀರಿಯಾಗಳ ದಾರಿ ಬೇರೆ. ಚರಂಡಿ ನೀರು ಶುದ್ಧೀಕರಿಸುವ ಘಟಕದ ಕೆಸರು ತಂದು, ಕೂಡಿಡುವ ಗುಣವಿಲ್ಲದವು ತಾವಾಗಿಯೇ ಸೋತುಹೋಗುವಂತೆ ಊಟದ ಹೊತ್ತನ್ನು ಜೋಡಿಸಿದರೆ ಸಾಕು.

ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದವರು ಇದನ್ನು ಮಾಡಿ ತೋರಿಸಿದರು. ದಿನಕ್ಕೆ ಎರಡೇ ಸಲ ಊಟ ಹಾಕಿ ಉಳಿದ ಹೊತ್ತೆಲ್ಲ ಉಪವಾಸ ಕೆಡವಿದ ಕೆಸರು, ಎಂಟು ಗಂಟೆಯೊಳಗೆ ತನ್ನ ಒಣತೂಕದ ಶೇ. 89ರಷ್ಟು ಪಿಎಚ್‌ಎ ತುಂಬಿಕೊಂಡಿತು ಎಂದು 2009ರಲ್ಲಿ ಪ್ರಕಟಿಸಿದರು. ಅದರಲ್ಲಿ ಮೇಲುಗೈ ಸಾಧಿಸಿದ್ದ ಬ್ಯಾಕ್ಟೀರಿಯಾ ವಿಜ್ಞಾನಕ್ಕೇ ಹೊಸದು. ಆಮೇಲೆ ಪ್ಲಾಸ್ಟಿಕಿಕ್ಯುಮ್ಯುಲನ್ಸ್ ಅಸಿಡಿವೊರಾನ್ಸ್ ಎಂದು ಹೆಸರಿಟ್ಟರು. ಪ್ಲಾಸ್ಟಿಕ್ ಕೂಡಿಡುವ, ಆಮ್ಲ ತಿನ್ನುವ ಜೀವಿ ಎಂದು ಅರ್ಥ. ಅವರು ಅದನ್ನು ಹುಡುಕಿಕೊಂಡು ಹೋಗಿರಲಿಲ್ಲ. ಹಸಿವು ಅದನ್ನು ಆರಿಸಿ ಕೊಟ್ಟಿತ್ತು. ಮುಂದೆ ಅದೇ ದೇಶದ ಫೆಘಲ್ ಪಟ್ಟಣದಲ್ಲಿ ಮಾರ್ಸ್ ಚಾಕೊಲೇಟ್ ಕಾರ್ಖಾನೆಯ ತ್ಯಾಜ್ಯನೀರಿನಿಂದಲೂ ಶೇ. 70ರವರೆಗೆ ಪಡೆದರು.

ಕೆಳಗಿನ ಕ್ರಮ ಕಾಲೇಜು ಪ್ರಯೋಗಾಲಯದ ಅಳತೆಯದು, ನಾಲ್ಕು ಲೀಟರಿನ ತೊಟ್ಟಿಗೆ ಹೊಂದಿಸಿದ್ದು. ಬಯೋಟೆಕ್, ಪರಿಸರ ಎಂಜಿನಿಯರಿಂಗಿನ ಕೊನೆಯ ವರ್ಷದವರು ಒಂದು ಸೆಮಿಸ್ಟರಿನಲ್ಲಿ ಮುಗಿಸಬಹುದು. ಮನೆಯ ಅಡುಗೆಮನೆಯಲ್ಲಿ ಮಾತ್ರ ಬೇಡ: ಎರಡನೇ ಹಂತದಲ್ಲಿ ಚರಂಡಿ ಕೆಸರು, ಕೊನೆಯದರಲ್ಲಿ ಕ್ಲೋರೋಫಾರ್ಮ್. ಇನ್ನೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಸರಿಹೋದರೆ ಒಂದು ಬ್ಯಾಚಿಗೆ ಕೈಗೆ ಬರುವುದು ಒಂದೂವರೆ ಗ್ರಾಂ. ಕವರ್ ಮಾಡುವ ಆಸೆಯಿದ್ದವರು ಇಲ್ಲೇ ನಿಲ್ಲಬಹುದು.

ಮೊದಲು ಹೊಂದಿಸಿಕೊಳ್ಳಬೇಕಾದ್ದು

ಮೂರು ಲೀಟರಿನ ಒಂದು ಮುಚ್ಚಳದ ಪಾತ್ರೆ, ಐದು ಲೀಟರಿನ ಎರಡು ಗಾಜಿನ ಜಾಡಿ, ಮೀನಿನ ತೊಟ್ಟಿಗೆ ಹಾಕುವ ಏರ್ ಪಂಪು ಮತ್ತು ಏರ್ ಸ್ಟೋನ್ ಎರಡು ಜೊತೆ, ಪಿಎಚ್ ಮೀಟರ್, ಸಿಒಡಿ ಅಳೆಯುವ ವ್ಯವಸ್ಥೆ. ಸಿಒಡಿ ಎಂದರೆ ನೀರಿನಲ್ಲಿರುವ ಸಾವಯವ ವಸ್ತುವನ್ನು ಪೂರ್ತಿ ಉರಿಸಲು ಬೇಕಾಗುವ ಆಮ್ಲಜನಕದ ಲೆಕ್ಕ. ಇಲ್ಲಿನ ಊಟದ ಅಳತೆಯೆಲ್ಲ ಅದರಲ್ಲೇ. ಇವೆಲ್ಲಕ್ಕಿಂತ ಮುಖ್ಯವಾದದ್ದು ನೀರಿನಲ್ಲಿ ಕರಗಿದ ಆಮ್ಲಜನಕ ತೋರಿಸುವ ಡಿಒ ಮೀಟರ್. ದುಡ್ಡು ಕಡಿಮೆಯಿದ್ದರೆ ಬೇರೆಲ್ಲದರಲ್ಲಿ ಹಿಡಿತ ಮಾಡಿ, ಇದರಲ್ಲಿ ಬೇಡ. ಬ್ಯಾಕ್ಟೀರಿಯಾ ಉಣ್ಣುತ್ತಿದೆಯೋ ಹಸಿದಿದೆಯೋ ಎಂದು ಆ ಕ್ಷಣದಲ್ಲೇ ಹೇಳುವುದು ಇದೊಂದೇ.

ಪಂಪಿಗೆ ಯುಪಿಎಸ್ ಇರಲೇಬೇಕು. ಕರೆಂಟು ಹೋಗುವುದು ಒಂದು ಕಾರಣ. ನಮ್ಮಲ್ಲಿ ಒಮ್ಮೆ ಆಯುಧಪೂಜೆಯ ದಿನ ಯಾರೋ ಭಕ್ತಿಯಿಂದ ಪಂಪನ್ನೂ ನಿಲ್ಲಿಸಿ, ಒರೆಸಿ, ಕುಂಕುಮ ಹಚ್ಚಿ, ಮತ್ತೆ ಚಾಲೂ ಮಾಡುವುದನ್ನು ಮರೆತು ಮನೆಗೆ ಹೋಗಿದ್ದರು. ಮರುದಿನ ಬಾಗಿಲು ತೆರೆದಾಗ ಜಾಡಿ ಕಪ್ಪಗಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಮೂರು ವಾರದ ಕೆಲಸ ಹೋಯಿತು. ಆಮೇಲಿಂದ ಪಂಪಿನ ಸ್ವಿಚ್ಚಿಗೆ ಟೇಪ್ ಸುತ್ತಿ ಇಡುತ್ತೇವೆ.

ಹಂತ 1: ಬೆಲ್ಲವನ್ನು ಹುಳಿ ಮಾಡುವುದು

ಸಕ್ಕರೆಯನ್ನು ನೇರವಾಗಿ ಕೊಟ್ಟರೆ ಕೆಸರಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಅದನ್ನು ಗ್ಲೈಕೋಜನ್ ಮಾಡಿ ಇಟ್ಟುಕೊಳ್ಳುತ್ತವೆ; ನಮಗೆ ಬೇಕಾದ್ದು ಬರುವುದಿಲ್ಲ. ಹಾಗಾಗಿ ಮೊದಲು ಸಕ್ಕರೆಯನ್ನು ಹುಳಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್, ವ್ಯಾಲೆರಿಕ್ ಆಮ್ಲಗಳನ್ನಾಗಿ ಮಾಡಿಕೊಳ್ಳಬೇಕು.

ಮಂಡ್ಯ, ಬೆಳಗಾವಿ ಕಡೆಯವರಿಗೆ ತಟ್ಟನೆ ನೆನಪಾಗುವುದು ಸಕ್ಕರೆ ಕಾರ್ಖಾನೆಯ ಕಾಕಂಬಿ. ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಇದೇ ಕಾಕಂಬಿಯಿಂದ ಮಿಶ್ರ ಬ್ಯಾಕ್ಟೀರಿಯಾಗಳಲ್ಲಿ ಶೇ. 75ರ ಆಸುಪಾಸು ಪಡೆದಿದ್ದಾರೆ. ಆದರೆ ನಮ್ಮಲ್ಲಿ ಕಾಕಂಬಿ ಅಬಕಾರಿ ಇಲಾಖೆಯ ನಿಯಂತ್ರಣದ ವಸ್ತು, ಕಾಗದಪತ್ರ ಓಡಾಡಿಸುವುದರಲ್ಲೇ ಸೆಮಿಸ್ಟರ್ ಮುಗಿಯುತ್ತದೆ. ನನ್ನ ಸಲಹೆ: ಆಲೆಮನೆಯಲ್ಲಿ ಬಣ್ಣಗೆಟ್ಟು ಮಾರಾಟಕ್ಕೆ ಹೋಗದ ಬೆಲ್ಲ ಕೇಳಿ ತನ್ನಿ. ದಿನಕ್ಕೆ ಬೇಕಾಗುವುದು 25 ಗ್ರಾಂ.

ಹುಳಿಸುವ ಹೆಪ್ಪಿಗೆ ಗೋಬರ್ ಗ್ಯಾಸ್ ತೊಟ್ಟಿಯ ಬಗ್ಗಡ ಅರ್ಧ ಲೀಟರ್ ಸಾಕು. ಅದನ್ನು ಸೋಸಿ ಅರ್ಧ ಗಂಟೆ ಕುದಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿ. ಆಮ್ಲವನ್ನು ತಿಂದು ಮೀಥೇನ್ ಮಾಡುವ ಜೀವಿಗಳು ಸಾಯುತ್ತವೆ. ಬೀಜಕ ಕಟ್ಟಿಕೊಂಡು ಉಳಿದವು ಹುಳಿಸುವ ಕೆಲಸ ಮಾಡುತ್ತವೆ. ಇದನ್ನು ಮೂರು ಲೀಟರಿನ ಪಾತ್ರೆಗೆ ಹಾಕಿ, ಲೀಟರಿಗೆ 12 ಗ್ರಾಂ ಬೆಲ್ಲ, 5 ಗ್ರಾಂ ಅಡುಗೆ ಸೋಡಾ, 0.3 ಗ್ರಾಂ ಅಮೋನಿಯಂ ಕ್ಲೋರೈಡ್ ಕರಗಿಸಿದ ನೀರಿನಿಂದ ತುಂಬಿಸಿ. 30 ಡಿಗ್ರಿಯ ಹತ್ತಿರ ಇರಲಿ. ಮುಚ್ಚಳ ಬಿಗಿಯಬೇಡಿ: ಹೊರಬರುವ ಅನಿಲದಲ್ಲಿ ಹೈಡ್ರೋಜನ್ ಇರುತ್ತದೆ. ಒಂದು ನಳಿಕೆಯ ಮೂಲಕ ಕಿಟಕಿಯಾಚೆಗೆ ಬಿಡಿ, ಹತ್ತಿರ ಬರ್ನರ್ ಹಚ್ಚಬೇಡಿ.

ಮೂರು ದಿನ ಕಳೆದ ಮೇಲೆ ಬೆಳಗ್ಗೆ ಒಂದು ಲೀಟರ್, ಸಂಜೆ ಒಂದು ಲೀಟರ್ ತೆಗೆದು ಅಷ್ಟೇ ಹೊಸ ಬೆಲ್ಲದ ನೀರು ಹಾಕುತ್ತಾ ಹೋಗಿ. ಪಿಎಚ್ 5ರಿಂದ 6ರೊಳಗೆ ಇರಲಿ. ಇಳಿದರೆ ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ. ವಾರದೊಳಗೆ ಬೆಲ್ಲದ ವಾಸನೆ ಹೋಗಿ ಹಳಸಿದ ಬೆಣ್ಣೆಯ ಘಾಟು ಬರುತ್ತದೆ. ಬ್ಯುಟಿರಿಕ್ ಆಮ್ಲದ ಗುರುತು ಅದು. ಅಂಗಿಗೆ ಬಿದ್ದರೆ ಎರಡು ಒಗೆತಕ್ಕೂ ಹೋಗದು.

ತೆಗೆದದ್ದನ್ನು ಫ್ರಿಜ್ಜಿನಲ್ಲಿ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಿಕೊಳ್ಳಿ. ಲೀಟರಿಗೆ ಸುಮಾರು 6 ಗ್ರಾಂ ಸಿಒಡಿಯಷ್ಟು ಆಮ್ಲ ಸಿಕ್ಕರೆ ಚೆನ್ನಾಗಿ ಹುಳಿತಿದೆ ಎಂದರ್ಥ. ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಇದ್ದರೆ ಯಾವ ಆಮ್ಲ ಎಷ್ಟಿದೆ ಎಂದು ನೋಡಿ. ಅಸಿಟಿಕ್, ಬ್ಯುಟಿರಿಕ್ ಜಾಸ್ತಿಯಿದ್ದರೆ ಬರುವ ಪ್ಲಾಸ್ಟಿಕ್ ಗಡುಸು, ಬೇಗ ಸೀಳುತ್ತದೆ. ಪ್ರೊಪಿಯಾನಿಕ್, ವ್ಯಾಲೆರಿಕ್ ಇದ್ದರೆ ಪ್ಲಾಸ್ಟಿಕ್ಕಿನ ಸರಪಳಿಗೆ ಹೈಡ್ರಾಕ್ಸಿವ್ಯಾಲರೇಟ್ ಎಂಬ ಕೊಂಡಿ ಸೇರಿ ಬಾಗುವ ಗುಣ ಬರುತ್ತದೆ. ಉಪಕರಣ ಇಲ್ಲದಿದ್ದರೆ ಭಟ್ಟಿ ಇಳಿಸಿ ಕ್ಷಾರದೊಂದಿಗೆ ಟೈಟ್ರೇಟ್ ಮಾಡಿ. ಒಟ್ಟು ಆಮ್ಲ ಗೊತ್ತಾದರೂ ಕೆಲಸ ನಡೆಯುತ್ತದೆ.

ಹಂತ 2: ಊಟ, ಉಪವಾಸ

ಇಡೀ ವಿಧಾನದ ಜೀವ ಇರುವುದು ಈ ಹಂತದಲ್ಲಿ. ಒಂದು ತಿಂಗಳು ಇದಕ್ಕೇ ಎತ್ತಿಡಿ.

ಕೆಸರನ್ನು ಎಲ್ಲಿಂದ ತರುವುದು? ಬೆಂಗಳೂರಿನವರಿಗೆ ಇದು ಪ್ರಶ್ನೆಯೇ ಅಲ್ಲ, ದೊಡ್ಡ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಎಸ್‌ಟಿಪಿ, ಅಂದರೆ ಚರಂಡಿ ನೀರು ಶುದ್ಧೀಕರಿಸುವ ಘಟಕ, ಇರುತ್ತದೆ. ಗಾಳಿ ಗುಳುಗುಳಿಸುವ ಏರೇಷನ್ ತೊಟ್ಟಿಯಿಂದಲೇ ತನ್ನಿ, ತಳದಲ್ಲಿ ಕೂತ ಕೆಸರು ಬೇಡ. ಕ್ಯಾನು ಅರ್ಧ ಮಾತ್ರ ತುಂಬಿಸಿ, ಎರಡು ಮೂರು ಗಂಟೆಯೊಳಗೆ ಗಾಳಿಗೆ ಹಾಕಿ. ಕೈಗವಸು, ಮಾಸ್ಕು, ಕನ್ನಡಕ ಕಡ್ಡಾಯ. ಇಂಥ ಕೆಲಸಕ್ಕೆ ಇಳಿಯುವವರು ಟೈಫಾಯ್ಡ್, ಹೆಪಟೈಟಿಸ್ ಲಸಿಕೆ ಹಾಕಿಸಿಕೊಂಡಿರುವುದು ಒಳ್ಳೆಯದು.

ಜಾಡಿಗೆ ಒಂದು ಲೀಟರ್ ಕೆಸರು, ಮೂರು ಲೀಟರ್ ನೀರು ಹಾಕಿ ಗಾಳಿ ಬಿಡಿ. ಇನ್ನು ದಿನಚರಿ. ಬೆಳಗ್ಗೆ ಆರಕ್ಕೆ, ಗಾಳಿ ಆಡುತ್ತಿರುವಾಗಲೇ, ಎರಡು ಲೀಟರ್ ತೆಗೆದುಬಿಡಿ. ಎರಡು ಲೀಟರ್ ಹೊಸ ಊಟ ಹಾಕಿ. ಸಂಜೆ ಆರಕ್ಕೆ ಮತ್ತೆ ಹಾಗೆಯೇ. ಪ್ರತಿ ಸಲ ಅರ್ಧ ಭಾಗ ಹೊರಹೋಗುವುದರಿಂದ ಯಾವ ಬ್ಯಾಕ್ಟೀರಿಯಾವೂ ಸರಾಸರಿ ಒಂದು ದಿನಕ್ಕಿಂತ ಹೆಚ್ಚು ಜಾಡಿಯಲ್ಲಿ ಉಳಿಯುವುದಿಲ್ಲ. ಹನ್ನೆರಡು ಗಂಟೆಯಲ್ಲಿ ದುಪ್ಪಟ್ಟಾಗದವು ತೊಳೆದು ಹೋಗುತ್ತವೆ. ತಳಕ್ಕೆ ಕೂರಿಸಿ ತೆಗೆಯುವ ಕ್ರಮವೇ ಇಲ್ಲವಾದ್ದರಿಂದ, ಎಸ್‌ಟಿಪಿ ನಡೆಸುವವರಿಗೆ ತಲೆನೋವಾದ ನಾರು ನಾರಾದ ಬ್ಯಾಕ್ಟೀರಿಯಾ ಬೆಳೆದರೂ ನಮಗೆ ತೊಂದರೆಯಿಲ್ಲ.

ಊಟದ ಪಾಕ: ಹಂತ 1ರ ಹುಳಿನೀರು ಒಂದು ಪಾಲು, ನಲ್ಲಿನೀರು ಒಂದು ಪಾಲು. ನಲ್ಲಿನೀರನ್ನು ಹಿಂದಿನ ರಾತ್ರಿ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಿ. ಇದರಿಂದ ಲೀಟರಿಗೆ 3 ಗ್ರಾಂ ಸಿಒಡಿ ಬರುತ್ತದೆ. ಪಿಎಚ್ 7ಕ್ಕೆ ತಂದು, ಲೀಟರಿಗೆ 0.5 ಗ್ರಾಂ ಅಮೋನಿಯಂ ಕ್ಲೋರೈಡ್, 0.13 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್, ಅಷ್ಟೇ ಮೆಗ್ನೀಸಿಯಂ ಸಲ್ಫೇಟ್ ಹಾಕಿ. 100 ಗ್ರಾಂ ಸಿಒಡಿಗೆ 5 ಗ್ರಾಂ ಸಾರಜನಕ, 1 ಗ್ರಾಂ ರಂಜಕ ಎಂಬ ಲೆಕ್ಕ ಇದು. ಈ ಹಂತದಲ್ಲಿ ಸಾರಜನಕ ಇರಲೇಬೇಕು, ಕೂಡಿಟ್ಟದ್ದನ್ನು ಕರಗಿಸಿ ಮರಿ ಹಾಕಲು ಅದಿಲ್ಲದೆ ಆಗದು.

ಈಗ ಡಿಒ ಮೀಟರ್ ನೋಡುತ್ತ ಕೂರಿ. 30 ಡಿಗ್ರಿಯ ನೀರಿನಲ್ಲಿ ಮಂಗಳೂರಿನಲ್ಲಾದರೆ ಗರಿಷ್ಠ ಲೀಟರಿಗೆ 7.5 ಮಿಲಿಗ್ರಾಂ ತೋರಿಸೀತು. ಬೆಂಗಳೂರು 900 ಮೀಟರ್ ಎತ್ತರದಲ್ಲಿರುವುದರಿಂದ 6.8ರ ಆಸುಪಾಸು. ಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಊಟ ಹಾಕಿದ ಕೂಡಲೇ ಅಂಕಿ ದಬ್ಬನೆ ಕುಸಿಯುತ್ತದೆ: ಎಲ್ಲವೂ ಮುಗಿಬಿದ್ದು ಉಣ್ಣುತ್ತಿವೆ. 2ಕ್ಕಿಂತ ಕೆಳಗಿಳಿದರೆ ಇನ್ನೊಂದು ಏರ್ ಸ್ಟೋನ್ ಹಾಕಿ. ಆಮ್ಲ ಖಾಲಿಯಾದ ನಿಮಿಷದಲ್ಲಿ ಅಂಕಿ ಮೆಟ್ಟಿಲು ಹತ್ತಿದಂತೆ ಮೇಲೇರುತ್ತದೆ. ಊಟ ಮುಗಿಯಿತು, ಉಪವಾಸ ಶುರು.

ಆ ಕುಸಿತದಿಂದ ಏರುವವರೆಗಿನ ಹೊತ್ತನ್ನು ಪ್ರತಿ ಸಲ ಬರೆದಿಡಿ. ಪುಸ್ತಕದಲ್ಲಿ ಬೇರೇನೂ ಬರೆಯದಿದ್ದರೂ ಇದೊಂದಿರಲಿ. ಮೊದಲ ವಾರ ನಾಲ್ಕೈದು ಗಂಟೆ ಹಿಡಿಯಬಹುದು. ದಿನ ಕಳೆದಂತೆ ಕಡಿಮೆಯಾಗುತ್ತ, ಹನ್ನೆರಡು ಗಂಟೆಯ ಸುತ್ತಿನಲ್ಲಿ ಎರಡೂವರೆ ಗಂಟೆಗಿಂತ ಒಳಗೆ ಬಂದರೆ ಕೂಡಿಡುವ ಜಾತಿ ಗೆಲ್ಲುತ್ತಿದೆ. ಕಾರಣ ಸರಳ. ಊಟ ಎರಡು ಗಂಟೆಯದು, ಬರ ಹತ್ತು ಗಂಟೆಯದು. ಆ ಎರಡು ಗಂಟೆಯಲ್ಲಿ ಹಗೇವು ತುಂಬಿಕೊಂಡದ್ದು ಹತ್ತು ಗಂಟೆಯೂ ಬೆಳೆಯುತ್ತಿರುತ್ತದೆ. ತುಂಬಿಕೊಳ್ಳದ್ದು ಸುಮ್ಮನೆ ಕೂತಿರುತ್ತದೆ, ಸಂಜೆ ಅರ್ಧ ಜಾಡಿಯ ಜೊತೆ ಹೊರಗೆ ಹೋಗುತ್ತದೆ. ಹೊತ್ತು ಇಳಿಯದೆ ನಿಂತುಬಿಟ್ಟರೆ ಊಟ ಹೆಚ್ಚಾಗಿದೆ ಎಂದರ್ಥ. ಅಯ್ಯೋ ಪಾಪ ಎಂದು ಇನ್ನಷ್ಟು ಹಾಕಬೇಡಿ, ಕಾಲು ಭಾಗ ಕಡಿಮೆ ಮಾಡಿ. ವಿದ್ಯಾರ್ಥಿಗಳು ಇಲ್ಲಿ ಮಾಡುವ ತಪ್ಪೆಲ್ಲ ಕರುಣೆಯಿಂದಲೇ ಆಗುವುದು.

ನೊರೆ ಉಕ್ಕಿದರೆ ಸಿಲಿಕೋನ್ ಆಂಟಿಫೋಮ್ ಒಂದು ಹನಿ. ಅಡುಗೆ ಎಣ್ಣೆ ಹಾಕಿದರೆ ಅದನ್ನೂ ಊಟವೆಂದು ತಿನ್ನುತ್ತವೆ, ನಿಮ್ಮ ಲೆಕ್ಕ ತಪ್ಪುತ್ತದೆ. ಪಿಎಚ್ 9 ದಾಟದಿರಲಿ. ಪೂರ್ತಿ ಹೊಸಬರಾದರೆ ಮೊದಲ ಹದಿನೈದು ದಿನ ಹುಳಿನೀರಿನ ಬದಲು ಸೋಡಿಯಂ ಅಸಿಟೇಟ್ ಕೊಟ್ಟು ಕೈ ಪಳಗಿಸಿಕೊಳ್ಳಬಹುದು. ಏನಾದರೂ ಕೆಟ್ಟರೆ ತಪ್ಪು ಜಾಡಿಯದೋ ಬೆಲ್ಲದ್ದೋ ಎಂಬ ಗೊಂದಲವಾದರೂ ಇರುವುದಿಲ್ಲ.

ಕಣ್ಣಾರೆ ನೋಡಬೇಕೆಂದರೆ ಊಟ ಮುಗಿದ ಹೊತ್ತಿಗೆ ಒಂದು ಹನಿ ತೆಗೆದು ಸ್ಲೈಡಿನ ಮೇಲೆ ಹರಡಿ, ಕಾಯಿಸಿ ಅಂಟಿಸಿ, ಸುಡಾನ್ ಬ್ಲ್ಯಾಕ್ ಹತ್ತು ಹದಿನೈದು ನಿಮಿಷ, ಝೈಲೀನ್‌ನಲ್ಲಿ ಒಮ್ಮೆ ಅದ್ದಿ, ಸಫ್ರನಿನ್ ಹತ್ತು ಸೆಕೆಂಡು. ಗುಲಾಬಿ ಜೀವಕೋಶದೊಳಗೆ ಕರಿ ಎಳ್ಳಿನಂತೆ ಕಾಣುವುದೇ ಪಿಎಚ್‌ಎ.

ಹಂತ 3: ಹೊಟ್ಟೆ ಬಿರಿಯುವಷ್ಟು ಉಣಿಸುವುದು

ಊಟದ ಹೊತ್ತು ಒಂದು ವಾರ ಅಲ್ಲಾಡದೆ ಒಂದೇ ಕಡೆ ನಿಂತ ಮೇಲೆ, ಬೆಳಗ್ಗೆ ಹೊರತೆಗೆಯುವ ಆ ಎರಡು ಲೀಟರನ್ನು ಚೆಲ್ಲದೆ ಎರಡನೇ ಜಾಡಿಗೆ ಹಾಕಿ. ಅದರಲ್ಲಿ ಹತ್ತಿರಹತ್ತಿರ ಎರಡು ಗ್ರಾಂ ಬ್ಯಾಕ್ಟೀರಿಯಾ ಇರುತ್ತದೆ, ರಾತ್ರಿಯೆಲ್ಲ ಉಪವಾಸವಿದ್ದು ಹಸಿದದ್ದು. ಈಗ ಅಮೋನಿಯಂ, ಫಾಸ್ಫೇಟ್ ಯಾವುದನ್ನೂ ಸೇರಿಸದೆ ಬರೀ ಹುಳಿನೀರು ಕೊಡಿ. ಬೆಳೆಯಲು ಸಾರಜನಕ ಸಾಲದು, ಊಟ ಮಾತ್ರ ಇದೆ. ಸಿಕ್ಕಿದ್ದೆಲ್ಲ ಹಗೇವಿಗೇ ಹೋಗುತ್ತದೆ.

ಒಮ್ಮೆಲೇ ಸುರಿಯಬೇಡಿ. ಆಮ್ಲ ಹೆಚ್ಚಾದರೆ ವಿಷವಾಗುತ್ತದೆ. ನೀರು ಬೆರೆಸದ, ಪಿಎಚ್ 7ಕ್ಕೆ ತಂದ ಹುಳಿನೀರನ್ನು 170 ಮಿಲಿಲೀಟರ್ ಹಾಕಿ ಡಿಒ ನೋಡಿ. ಅಂಕಿ ಮೇಲೇರಿದ ಕೂಡಲೇ ಮುಂದಿನ 170. ಹೀಗೆ ಆರೇಳು ಸಲ, ಐದರಿಂದ ಎಂಟು ಗಂಟೆ. ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವನು ಎಲೆ ನೋಡುತ್ತ ನಡೆದಂತೆ ನಡೆಯಬೇಕು. ಬರಬರುತ್ತ ಅಂಕಿ ಏರುವುದು ತಡವಾಗುತ್ತದೆ, ಕುಸಿತವೂ ಮಂಕಾಗುತ್ತದೆ. ಹೊಟ್ಟೆ ತುಂಬಿತು.

ಇಲ್ಲಿ ಒಂದು ಕ್ಷಣವೂ ತಡ ಮಾಡಬಾರದು. ನನ್ನ ಮೊದಲ ಬ್ಯಾಚಿನಲ್ಲಿ ಸ್ಲೈಡಿನ ತುಂಬ ಕರಿ ಎಳ್ಳು ಕಂಡು ಖುಷಿಯಾಗಿ, ಗಾಳಿ ಬಿಟ್ಟುಕೊಂಡೇ ಇರಲಿ, ಊಟ ಮಾಡಿ ಬಂದು ನೋಡೋಣ ಎಂದು ಹೋದೆವು. ಊಟ, ಕಾಫಿ, ಮೀಟಿಂಗು. ವಾಪಸು ಬಂದದ್ದು ಸಂಜೆ. ಅಷ್ಟರಲ್ಲಿ ಅವು ಕೂಡಿಟ್ಟದ್ದರಲ್ಲಿ ಬಹುಪಾಲು ತಿಂದು ಮುಗಿಸಿದ್ದವು. ಉಪವಾಸದಲ್ಲಿ ಹಗೇವು ತೆರೆಯುವುದನ್ನು ಒಂದು ತಿಂಗಳು ನಾವೇ ಕಲಿಸಿದ್ದಲ್ಲವೇ. ಕೊನೆಯ ಊಟ ಮುಗಿಯುವ ಮೊದಲೇ ಗಾಳಿ ನಿಲ್ಲಿಸಿ, ಸಲ್ಫ್ಯೂರಿಕ್ ಆಮ್ಲ ಹನಿಸಿ ಪಿಎಚ್ 2ರಿಂದ 3ಕ್ಕೆ ಇಳಿಸಿ. ಎಲ್ಲ ಚಟುವಟಿಕೆ ಅಲ್ಲಿಗೆ ಸ್ತಬ್ಧ.

ಸೆಂಟ್ರಿಫ್ಯೂಜ್ ಮಾಡಿ, ನೀರಿನಲ್ಲಿ ಎರಡು ಸಲ ತೊಳೆದು, 60 ಡಿಗ್ರಿಯ ಓವನ್ನಿನಲ್ಲಿ ಒಣಗಿಸಿ, ಅರೆದು ಪುಡಿ ಮಾಡಿ. ಎಷ್ಟಿದೆ ಎಂದು ತಿಳಿಯಲು ಹಳೆಯ ವಿಧಾನವೇ ಸುಲಭ: ಪುಡಿಯಿಂದ ಬೇರ್ಪಡಿಸಿದ ಪಿಎಚ್‌ಎ ತುಣುಕನ್ನು ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿನೀರಿನ ಮೇಲೆ ಹತ್ತು ನಿಮಿಷ ಕಾಯಿಸಿದರೆ ಕ್ರೊಟಾನಿಕ್ ಆಮ್ಲವಾಗುತ್ತದೆ, ಅದನ್ನು 235 ನ್ಯಾನೊಮೀಟರಿನ ಅತಿನೇರಳೆ ಬೆಳಕಿನಲ್ಲಿ ಅಳೆಯಬಹುದು. ಕ್ಯುವೆಟ್ ಕ್ವಾರ್ಟ್ಸಿನದೇ ಆಗಬೇಕು. ವ್ಯಾಲರೇಟ್ ಭಾಗ ಇದರಲ್ಲಿ ಲೆಕ್ಕಕ್ಕೆ ಸಿಗುವುದಿಲ್ಲ, ಅದಕ್ಕೆ ಗ್ಯಾಸ್ ಕ್ರೊಮ್ಯಾಟೊಗ್ರಾಫೇ ಬೇಕು. ಮೊದಲ ಪ್ರಯತ್ನದಲ್ಲಿ ಶೇ. 30 ಬಂದರೆ ಬೇಸರ ಬೇಡ. 50 ಬಂದರೆ ಮಾರ್ಗದರ್ಶಕರಿಗೆ ಸಿಹಿ ಹಂಚಿ.

ಹಂತ 4: ಹೊರತೆಗೆಯುವುದು

ಎರಡು ದಾರಿಗಳಿವೆ. ಬ್ಲೀಚಿಂಗ್ ದ್ರಾವಣ, ಅಂದರೆ ಸೋಡಿಯಂ ಹೈಪೊಕ್ಲೋರೈಟ್, ಜೀವಕೋಶದ ಉಳಿದ ಭಾಗವನ್ನು ಕರಗಿಸಿ ಪಿಎಚ್‌ಎ ಉಳಿಸುತ್ತದೆ. ಅಗ್ಗ, ಆದರೆ ಪ್ಲಾಸ್ಟಿಕ್ಕಿನ ಉದ್ದ ಸರಪಳಿಗಳನ್ನೂ ಕತ್ತರಿಸಿ ಪುಡಿಪುಡಿ ಮಾಡುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ: ಈಗಷ್ಟೇ ಆಮ್ಲ ಹಾಕಿದ ಕೆಸರಿಗೆ ಬ್ಲೀಚ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ತೊಳೆದು, ಪಿಎಚ್ ನೋಡಿ, ಆಮೇಲೆ ಮುಟ್ಟಿ.

ನಾನು ಕ್ಲೋರೋಫಾರ್ಮಿನ ದಾರಿ ಹಿಡಿಯುತ್ತೇನೆ, ಫ್ಯೂಮ್ ಹುಡ್ ಇದ್ದರೆ ಮಾತ್ರ. ಪುಡಿಯನ್ನು ಮೊದಲು ಅಸಿಟೋನ್‌ನಲ್ಲಿ ತೊಳೆಯಿರಿ, ಕೊಬ್ಬು ಮತ್ತು ಬಣ್ಣ ಹೋಗುತ್ತದೆ. ಗ್ರಾಂಗೆ 40 ಮಿಲಿಲೀಟರ್ ಕ್ಲೋರೋಫಾರ್ಮ್ ಹಾಕಿ, ರಿಫ್ಲಕ್ಸ್ ಕಂಡೆನ್ಸರ್ ಜೋಡಿಸಿ, 60 ಡಿಗ್ರಿಗಿಂತ ಸ್ವಲ್ಪ ಕೆಳಗೆ ನಾಲ್ಕೈದು ಗಂಟೆ ಕಲಕಿ. ಶುದ್ಧ ತಳಿಗಿಂತ ಮಿಶ್ರ ಕೆಸರಿನ ಕೋಶ ಒಡೆಯುವುದು ಕಷ್ಟ, ಅವಸರ ಮಾಡಬೇಡಿ. ಬಿಸಿಯಿರುವಾಗಲೇ ಸೋಸಿ, ಐದರಿಂದ ಹತ್ತು ಪಟ್ಟು ಐಸಿನಂತೆ ತಣ್ಣಗಿರುವ ಮೆಥನಾಲಿಗೆ ಎಳೆಯಾಗಿ ಸುರಿಯಿರಿ. ಹಾಲು ಒಡೆದಂತೆ ಬಿಳಿ ಚೂರುಗಳು ಏಳುತ್ತವೆ. ಅದೇ ನಿಮ್ಮ ಒಂದೂವರೆ ಗ್ರಾಂ. ಕ್ಲೋರೋಫಾರ್ಮ್ ಬೆರೆತ ದ್ರವವನ್ನು ಸಿಂಕಿಗೆ ಬಿಡಬೇಡಿ, ಬೇರೆ ಸೀಸೆಯಲ್ಲಿ ಹೆಸರು ಬರೆದು ತ್ಯಾಜ್ಯ ಒಯ್ಯುವವರಿಗೆ ಕೊಡಿ.

ಫಿಲ್ಮ್ ಮಾಡಲು 0.3 ಗ್ರಾಮನ್ನು 10 ಮಿಲಿಲೀಟರ್ ಕ್ಲೋರೋಫಾರ್ಮಿನಲ್ಲಿ ಮತ್ತೆ ಕರಗಿಸಿ ಗಾಜಿನ ಪೆಟ್ರಿ ತಟ್ಟೆಗೆ ಹೊಯ್ದು ಹುಡ್ಡಿನಲ್ಲೇ ಆರಲು ಬಿಡಿ. ಗಾಜಿನದೇ ಇರಲಿ. ಬಿಸಾಡುವ ತಟ್ಟೆ ಪಾಲಿಸ್ಟೈರಿನ್‌ದು, ಕ್ಲೋರೋಫಾರ್ಮಿನಲ್ಲಿ ಅದೇ ಕರಗುತ್ತದೆ. ಅದನ್ನು ಬಳಸಿದರೆ ಮರುದಿನ ಎದ್ದು ಬರುವ ಹಾಳೆ ಮಣ್ಣಿನಲ್ಲಿ ಕರಗುವುದೂ ಇಲ್ಲ, ನಿಮ್ಮದೂ ಅಲ್ಲ. ಸರಿಯಾಗಿ ಬಂದರೆ ಸುಮಾರು 40 ಮೈಕ್ರಾನಿನ, ಮಂಜು ಕವಿದ ಗಾಜಿನಂಥ ಹಾಳೆ ಸಿಗುತ್ತದೆ. ಬಿಸಿ ಮಾಡಿ ಅಚ್ಚು ಹಾಕುವ ಆಸೆಯಾದರೆ ಜಾಗ್ರತೆ: ವ್ಯಾಲರೇಟ್ ಇಲ್ಲದ ಪಿಎಚ್‌ಎ ಕರಗುವುದೇ 175 ಡಿಗ್ರಿಯ ಹತ್ತಿರ, ಅದಕ್ಕಿಂತ ತುಸು ಮೇಲೇ ಅದು ಒಡೆಯಲೂ ತೊಡಗುತ್ತದೆ.

ಮಣ್ಣಿಗೆ ಹಾಕಿ ನೋಡುವುದು

ಫಿಲ್ಮನ್ನು ಎರಡು ಸೆಂಟಿಮೀಟರ್ ಚೌಕಗಳಾಗಿ ಕತ್ತರಿಸಿ, ತೂಕ ಬರೆದು, ಸೊಳ್ಳೆಪರದೆಯ ಬಟ್ಟೆಯ ಸಣ್ಣ ಚೀಲಗಳಲ್ಲಿ ಹಾಕಿ, ಎಲೆಗೊಬ್ಬರ ಬೆರೆಸಿದ ಕುಂಡದಲ್ಲಿ ನಾಲ್ಕು ಬೆರಳು ಆಳಕ್ಕೆ ಹೂಳಿ. ಪಕ್ಕದಲ್ಲೇ ಸಾಮಾನ್ಯ ಪಾಲಿಥೀನ್ ತುಂಡೊಂದು ಹೋಲಿಕೆಗೆ. ಜೋಳದ ಪ್ಲಾಸ್ಟಿಕ್ ಎನ್ನುವ ಪಿಎಲ್‌ಎ ತುಂಡು ಸಿಕ್ಕರೆ ಅದನ್ನೂ ಹಾಕಿ. ಕಾಂಪೋಸ್ಟ್ ಘಟಕದ ಬಿಸಿ ಇಲ್ಲದೆ ಅದು ಕುಂಡದಲ್ಲಿ ಬೇಗ ಕೊಳೆಯದೆ ಇರುವುದು ಗೊತ್ತಾಗುತ್ತದೆ. ದಿನ ಬಿಟ್ಟು ದಿನ ನೀರು ಚಿಮುಕಿಸಿ, ಎರಡು ವಾರಕ್ಕೊಮ್ಮೆ ಒಂದೊಂದು ಚೀಲ ತೆಗೆದು, ಮಣ್ಣು ತೊಳೆದು, ಒಣಗಿಸಿ ತೂಗಿ. ಚೀಲದ ದಾರವನ್ನು ಕುಂಡದ ಹೊರಗೆ ಇಳಿಬಿಟ್ಟು ಹೆಸರಿನ ಚೀಟಿ ಕಟ್ಟಿಡಿ. ನಮ್ಮ ಒಂದು ಕುಂಡದಲ್ಲಿ ಚೀಟಿ ಮರೆತಿದ್ದೆವು. ಎಲ್ಲಿ ಹೂಳಿದ್ದೆವೆಂದು ಹುಡುಕುವ ಹೊತ್ತಿಗೆ ಪಾಲಿಥೀನ್ ತುಂಡು ಮಾತ್ರ ಕೈಗೆ ಸಿಕ್ಕಿತು.